ಅಮಾವಾಸ್ಯೆಯ ದಿನ ತಿರುಗಿದ ಹಳ್ಳ

ವಾಡಿ, ಶಹಾಬಾದ್ ಕಡೆ ಹೊಸ ಮನೆ ಕಟ್ಟಿದವರು ನೆಲಕ್ಕೆ ಕಲ್ಲು ಹಾಸಲು ಖಂಡೆಪ್ಪನನ್ನೇ ಹುಡುಕಿಕೊಂಡು ಬರುತ್ತಾರೆ. ಅವನು ಹಾಸಿದ ಬಚ್ಚಲಲ್ಲಿ ನೀರು ನಿಂತದ್ದನ್ನು ಕಂಡವರಿಲ್ಲ. ಕೆಲಸ ಅಪ್ಪಟ, ಬಾಯಿ ಮಾತ್ರ ವಿಪರೀತ. ಚಹಾ ಕೊಟ್ಟವರಿಗೆಲ್ಲ ಒಂದು ಉಪದೇಶ ಕೊಟ್ಟೇ ಏಳುವ ಆಸಾಮಿ: "ನೀರಿಗಿ ಏನ್ ತಿಳೀತದ್ರಿ? ಇಳಿಜಾರು ಎತ್ತ ಅದೋ ಅತ್ತ ಹೋಗ್ತದ. ಅಷ್ಟೇ!"

ಅವನ ಹೆಂಡತಿ ಮರೆಮ್ಮನಿಗೆ ನೀರಿನ ಲೆಕ್ಕವೇ ಬೇರೆ. ಅವರೂರ ಹಳ್ಳ ಉತ್ತರಕ್ಕೆ ಹರಿದು, ಮುಂದೆ ಭೀಮಾ ನದಿಗೆ ಕೂಡುವ ಕಾಗಿಣಾ ಹೊಳೆಯನ್ನು ಸೇರುತ್ತದೆ. ಉತ್ತರಕ್ಕೆ ಹರಿಯುವ ನೀರು ಕಾಶಿಯ ಗಂಗೆಗೆ ಸಮ ಎಂದು ಅತ್ತೆ ಹೇಳಿಕೊಟ್ಟಿದ್ದಳು. ದಸರೆಗೆ ಮುಂಚಿನ ಅಮಾವಾಸ್ಯೆಯಂದು ಮನೆದೇವರ ಮೂರ್ತಿಗಳನ್ನು ಬುಟ್ಟಿಯಲ್ಲಿಟ್ಟು, ಹಳ್ಳದ ನಡುವಿನ ಹಾಸುಬಂಡೆಗೆ ಒಯ್ದು ತೊಳೆದರೇ ಅವಳಿಗೆ ಸಮಾಧಾನ. ನಲ್ಲಿಯ ನೀರು ನಡೆಯುವುದಿಲ್ಲ.

"ದಕ್ಷಿಣದಾಗ ದಿನ್ನಿ ಅದ, ಉತ್ತರದಾಗ ತಗ್ಗು ಅದ. ಅದಕ್ಕ ಅತ್ತ ಹರೀತದ. ಇದರಾಗ ಕಾಶಿ ಎಲ್ಲಿಂದ ಬಂತು?" ಎಂದು ಖಂಡೆಪ್ಪ ವರ್ಷಾ ವರ್ಷಾ ಗೊಣಗುತ್ತಿದ್ದ. ಗೊಣಗುತ್ತಲೇ ಬುಟ್ಟಿ ಹೊತ್ತು ಹೆಂಡತಿಯ ಹಿಂದೆ ನಡೆಯುತ್ತಿದ್ದ.

ಈ ವರ್ಷ ಅಮಾವಾಸ್ಯೆಯಂದು ಬಿಸಿಲು ಚುರುಗುಟ್ಟುತ್ತಿತ್ತು. ಆದರೆ ಮಹಾರಾಷ್ಟ್ರದಲ್ಲಿ ಮಳೆ ಹೊಡೆದು ಭೀಮಾ ನದಿ ತುಂಬಿತ್ತು. ಹೊಳೆ ದಂಡೆಗೆ ಹೋಗಬೇಡಿ ಎಂದು ಊರಲ್ಲಿ ಡಂಗುರ ಸಾರಿದ್ದರು. ಖಂಡೆಪ್ಪ ನಕ್ಕುಬಿಟ್ಟ.

"ಭೀಮಾ ಎಲ್ಲೋ ಕೆಳಗ ಅದ, ನಾವು ಮ್ಯಾಲ ಅದೀವಿ. ನೀರು ದಿನ್ನಿ ಏರಿ ಬರ್ತದೇನು? ನಮ್ಮ ಹಳ್ಳ ಬರಬೇಕಂದ್ರ ದಕ್ಷಿಣಕ್ಕ ನಾಲವಾರದ ಕಡಿ ಮಳಿ ಆಗಬೇಕು. ಮುಗಿಲು ನೋಡು, ಒಂದು ಮೋಡ ಅದ ಏನು?"

ಮರೆಮ್ಮ ನಂಬಿದಳು. ನೀರಿನ ವಿಷಯದಲ್ಲಿ ಗಂಡನ ಮಾತು ಸುಳ್ಳಾದದ್ದನ್ನು ಅವಳು ಕಂಡಿರಲಿಲ್ಲ. ಮೊಣಕಾಲುದ್ದ ನೀರಲ್ಲಿ ದಾಟಿ ಬಂಡೆ ಸೇರಿದಳು. ಖಂಡೆಪ್ಪ ದಡದ ಜಾಲಿಯ ಕೆಳಗೆ ಬೀಡಿ ಹಚ್ಚಿ, ನೀರು ಬಂದರೆ ಅಲ್ಲಿಂದಲೇ ಬರಬೇಕೆಂದು ದಕ್ಷಿಣಕ್ಕೆ ಮುಖ ಮಾಡಿ ಕುಳಿತ.

ದೇವರನ್ನು ತೊಳೆದು ಅರಿಶಿನ ಹಚ್ಚಿ ಮರೆಮ್ಮ ಒಂದು ಚೆಂಡುಹೂವನ್ನು ನೀರಿಗೆ ಬಿಟ್ಟಳು. ಹೂವು ಉತ್ತರಕ್ಕೆ ಒಂದು ಮಾರು ಹೋಯಿತು, ನಿಂತಿತು. ಆಮೇಲೆ ಮೆಲ್ಲಗೆ ಅವಳ ಕಡೆಗೇ ಬಂದು, ಬಂಡೆ ದಾಟಿ ದಕ್ಷಿಣಕ್ಕೆ ಹೊರಟಿತು.

"ಇಲ್ಲಿ ನೋಡ್ರಿ, ಹಳ್ಳ ತಿರುಗ್ಯದ!"

"ಗಾಳಿ ಇರಬೇಕು ತಗೀ," ಎಂದ ಖಂಡೆಪ್ಪ, ತಿರುಗಿಯೂ ನೋಡದೆ.

ಕಾಲಿಗೆ ತಣ್ಣಗೆ ತಾಗಿದಾಗ ಬಗ್ಗಿ ನೋಡಿದ. ದಡದಲ್ಲಿ ಬಿಟ್ಟಿದ್ದ ಚಪ್ಪಲಿ ತೇಲುತ್ತಿತ್ತು. ಸದ್ದಿಲ್ಲ, ನೊರೆಯಿಲ್ಲ, ನೀರು ಸುಮ್ಮನೆ ಏರುತ್ತಿತ್ತು. ಬಂಡೆಯ ಅಂಚೆಲ್ಲ ಮುಳುಗಿ, ಮರೆಮ್ಮ ನಿಂತಷ್ಟು ಜಾಗ ಮಾತ್ರ ಉಳಿದಿತ್ತು. ಇಬ್ಬರಿಗೂ ಈಜು ಬಾರದು. ಖಂಡೆಪ್ಪ ದಡದಿಂದಲೇ ಕೂಗಿದ.

"ಇಳೀಬ್ಯಾಡ! ಅಲ್ಲೇ ಕುಂದ್ರು! ಹಳ್ಳದ ನೀರು, ತಾಸಿನ್ಯಾಗ ಇಳೀತದ!"

ಮರೆಮ್ಮ ಬುಟ್ಟಿ ತಬ್ಬಿಕೊಂಡು ಕುಳಿತಳು. ನೀರು ಇಳಿಯಲಿಲ್ಲ, ಏರಿ ಮಡಿಲಿಗೆ ಬಂತು. ಅವಳು ಸುತ್ತ ನೋಡಿದಳು, ದೇವರನ್ನು ಸೆರಗಿನಲ್ಲಿ ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು, ಬುಟ್ಟಿಯನ್ನು ಬಿಟ್ಟು ನೀರಿಗಿಳಿದಳು.

"ಬ್ಯಾಡಂದ್ರ ಕೇಳಂಗಿಲ್ಲೇನು!" ಖಂಡೆಪ್ಪ ಅರಚಿದ. ಅರಚುತ್ತಿದ್ದಾಗಲೇ ಅವನಿಗೆ ಹೊಳೆಯಿತು. ಎಷ್ಟು ಮನೆಗಳಲ್ಲಿ ಅವನೇ ಕಣ್ಣಾರೆ ಕಂಡಿಲ್ಲ! ಬೀದಿಯ ಗಟಾರ ತುಂಬಿದರೆ ಬಚ್ಚಲ ಮೋರಿಯೊಳಗಿಂದಲೇ ನೀರು ಮೇಲೆ ಬರುತ್ತದೆ. ಗಟಾರ ಇಳಿಯುವ ತನಕ ಬಚ್ಚಲೂ ಇಳಿಯುವುದಿಲ್ಲ. ಭೀಮಾ ತುಂಬಿದೆ, ಕಾಗಿಣಾಕ್ಕೆ ಮುಂದೆ ಹೋಗಲು ದಾರಿಯಿಲ್ಲ, ಅದು ಹಿಂದಕ್ಕೆ ಹಳ್ಳದೊಳಗೆ ನುಗ್ಗುತ್ತಿದೆ. ಇದು ತಾಸಿನ ನೀರಲ್ಲ, ದಿನಗಟ್ಟಲೆ ನಿಲ್ಲುವ ನೀರು. ಹೆಂಡತಿಯನ್ನು ತಾನೇ ಸಾಯಲಿಕ್ಕೆ ಕೂರಿಸಿದ್ದ.

"ಬಾ! ಬಾ ಮರೆಮ್ಮ, ಜಲ್ದಿ ಬಾ!"

ನೀರು ಅವಳ ಎದೆಗೆ ಬಂತು, ಕುತ್ತಿಗೆಗೆ ಬಂತು. ಸೆಳವಿಲ್ಲದ್ದರಿಂದ ಕಾಲುಗಳು ನೆಲದ ಮೇಲೆ ನಿಂತಿದ್ದವು. ಖಂಡೆಪ್ಪ ಒಂದು ಕೈಯಲ್ಲಿ ಜಾಲಿಯ ಟೊಂಗೆಯನ್ನು ಮುಳ್ಳುಸಮೇತ ಹಿಡಿದು, ನೀರಿಗಿಳಿದು ತಲೆಯ ರುಮಾಲು ಬಿಚ್ಚಿ ಎಸೆದ. ಮೊದಲ ಸಲ ಸಿಗಲಿಲ್ಲ. ಅವಳ ಕಾಲು ಜಾರಿತು, ತಲೆ ಮುಳುಗಿತು. ಖಂಡೆಪ್ಪ ರುಮಾಲನ್ನು ಸೆಳೆದುಕೊಂಡು ಮತ್ತೆ ಬೀಸಿದ. ಕೆಮ್ಮುತ್ತ ಮೇಲೆದ್ದವಳ ಕೈಗೆ ಎರಡನೆಯ ಸಲ ರುಮಾಲಿನ ತುದಿ ಸಿಕ್ಕಿತು. ಎಳೆದುಕೊಂಡ.

ದಡದ ಮೇಲೆ ಇಬ್ಬರೂ ತೊಯ್ದು ತೊಪ್ಪೆಯಾಗಿ ಬಿದ್ದರು. ಬಂಡೆ ಇದ್ದ ಜಾಗದಲ್ಲಿ ಬರೀ ನೀರು. ಖಂಡೆಪ್ಪನ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಅದರ ಖಬರಿಲ್ಲದೆ ಅವನು ಅಳುತ್ತಿದ್ದ.

"ನಾನೇ ಕುಂದ್ರು ಅಂದೆನಲ್ಲ ನಿನಗ."

ಮರೆಮ್ಮ ಸೆರಗು ಬಿಚ್ಚಿ ದೇವರೆಲ್ಲ ಇವೆಯೇ ಎಂದು ನೋಡಿಕೊಂಡಳು. ಆಮೇಲೆ ಅವನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕೀಳತೊಡಗಿದಳು.

"ಅಂದ್ರಿ. ನೀವು ಅಂದ್ರಿ ಅಂತ ನಾನೂ ಕುಂತೆ," ಎಂದಳು. "ಇನ್ನ ಮ್ಯಾಲೆ ಕುಂದ್ರಂಗಿಲ್ಲ."

ಖಂಡೆಪ್ಪ ಹೂಂ ಎಂದ.