ಮೈಕ್ ಬಂದ್ ಮಾಡಿದ ಕೈ ನನ್ನದು

ಬೆಳಿಗ್ಗೆ ಫೋನ್ ಬಂತು. “ಗಾದಿಲಿಂಗ ಹೋಗಿಬಿಟ್ನಂತ್ರಿ” ಅಂದರು.
“ಯಾವ ಗಾದಿಲಿಂಗ?” ಎಂದು ಕೇಳಿದೆ...
ನಮ್ಮ ಕಡೆ ಓಣಿಗೊಬ್ಬ ಗಾದಿಲಿಂಗ ಇರುತ್ತಾನೆ.
ನಮ್ಮವನಲ್ಲದೆ ಬೇರೆ ಯಾರಾದರೂ ಆಗಿರಲಿ ಎಂದು ಆ ಕ್ಷಣ ಬಯಸಿದೆ.
ಇನ್ನೊಂದು ಮನೆಯ ಸಾವನ್ನು ಬಯಸಿದ ಹಾಗಾಯಿತು... ಅದು ಆಮೇಲೆ ಹೊಳೆಯಿತು.

ಆದರೆ ನಮ್ಮವನೇ.
ನಮ್ಮ ಬ್ಯಾಂಡಿನ ಸಿಂಗರ್ ಗಾದಿ.
ಬಳ್ಳಾರಿ ಪಾರ್ವತಿನಗರದ ಮನೆಯಲ್ಲಿ, ನಸುಕಿನಲ್ಲಿ, ಹಾರ್ಟ್ ಅಟ್ಯಾಕ್.
ಇನ್ನೂ ನಲವತ್ತು ತುಂಬಿರಲಿಲ್ಲ.

ಅವನ ಹಾಡು ಕೇಳದವರಿಗಾಗಿ ಬರೆಯುತ್ತಿದ್ದೇನೆ...
ರಾಕ್ ಹಾಡು ಶುರು ಮಾಡಿದರೆ ದನಿ ಎದೆಯ ತಳದಿಂದ ಬರುತ್ತಿತ್ತು, ಗುಡುಗಿನಂತೆ.
ಅದೇ ಹಾಡಿನ ಕೊನೆಗೆ ಸೂಜಿಯಷ್ಟು ಸಣ್ಣಗಾಗಿ ಎಲ್ಲೋ ಮೇಲೆ ಹೋಗಿ ನಿಲ್ಲುತ್ತಿತ್ತು.
ಮುಂದಿನದು ತತ್ವಪದ. ಅದರ ಹಿಂದೆ ಒಂದು ತೆಲುಗು ಮೆಲೊಡಿ.
ರಾಕ್ ಕೇಳಬೇಕು ಅಂತ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಮದುವೆ ರಿಸೆಪ್ಷನ್‌ಗೆ ಕರೆಯುತ್ತಿದ್ದರು.
ಲೇಡಿ ಸಿಂಗರ್ ಬರದಿದ್ದ ದಿನ ಡ್ಯುಯೆಟ್‌ನ ಎರಡೂ ದನಿ ಅವನದೇ.

ನಾನು ಸೌಂಡ್ ಮಿಕ್ಸರ್ ಹಿಂದೆ ಕೂರುವವನು.
ಪ್ರೋಗ್ರಾಂ ಶುರುವಾಗುವ ತನಕ ಅಲ್ಲೇ ಅನುವಾದದ ಕಾದಂಬರಿ ಓದುತ್ತಿರುತ್ತೇನೆ.
“ಇವತ್ತು ಯಾವ ದೇಶದಾಗ ಅದೀಯಲೇ?” ಅಂತ ಗಾದಿ ದಿನಾ ರೇಗಿಸುತ್ತಿದ್ದ.
ಒಮ್ಮೆ ಪುಸ್ತಕ ಕಸಿದುಕೊಂಡು ಮುಖಪುಟ ನೋಡಿದ.
“ಬರದಾಂವ ಒಬ್ಬ, ಕನ್ನಡದಾಗ ಮಾತಾಡಾಂವ ಇನ್ನೊಬ್ಬ. ನನ್ನ ಡ್ಯುಯೆಟ್ ಇದ್ದಂಗ ಐತಲ್ಲಲೇ!”
ಅನುವಾದದ ಬಗ್ಗೆ ನಾನು ಓದಿದ ಎಷ್ಟೋ ಮುನ್ನುಡಿಗಳಿಗಿಂತ ಅದು ಸರಿಯಾದ ಮಾತು.
ಹಾಗೆಂದು ಅವನಿಗೆ ಹೇಳಲಿಲ್ಲ. ಸುಮ್ಮನೆ ನಕ್ಕೆ...

ಮೈಕ್ ಬಂದ್ ಮಾಡುವುದು ಶುರುವಾದದ್ದು ಸಿರುಗುಪ್ಪದಲ್ಲಿ.
ಅವನು ಹೆಣ್ಣು ದನಿ ಎತ್ತಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ಕೂಗಿದ.
“ಏಯ್, ಟ್ರ್ಯಾಕ್ ಹಾಕ್ಯಾರಲೇ! ಬರೇ ತುಟಿ ಅಲ್ಲಾಡಸಾಕತ್ಯಾನ!”
“ಹೌದೇನು? ಮೈಕ್ ಬಂದ್ ಮಾಡ್ರಿ ನೋಡೂಣು!” ಅಂದ ಇನ್ನೊಬ್ಬ.
ಗಾದಿ ನನ್ನ ಕಡೆ ತಿರುಗಿ ಕೈ ಕೆಳಗೆ ಮಾಡಿದ. ಇಳಿಸು ಅಂತ.
ನಾನು ಮಿಕ್ಸರ್‌ನಲ್ಲಿ ಅವನ ಮೈಕಿನ ದನಿ ಏರಿಸಿ ಇಳಿಸುವ ಗುಂಡಿ, ಫೇಡರ್, ಪೂರ್ತಿ ಕೆಳಗೆಳೆದೆ.
ಬರಿಗಂಟಲಲ್ಲಿ, ಅದೇ ಹೆಣ್ಣು ದನಿಯಲ್ಲಿ, ಅವನು ಹಾಡು ಮುಗಿಸಿದ.
ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತರು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು.
ಜನ “ಮೈಕ್ ಬಂದ್” ಅಂತ ಕೂಗುವುದು... ನಾನು ಎಳೆಯುವುದು.
ಅವನ ದನಿಯ ಬಗ್ಗೆ ಅವನಿಗಿಂತ ನನಗೇ ಸೊಕ್ಕು ಹೆಚ್ಚು.
ಯಾರೂ ಕೂಗದಿದ್ದರೂ ಎಳೆದದ್ದಿದೆ.

ಗಾದಿ... ಇನ್ನು ಮುಂದಿನದು ನಿನಗೆ.
ಮೊನ್ನೆ ಕುರುಗೋಡಿನಲ್ಲಿ, ಸ್ಟೇಜ್ ಹತ್ತುವ ಮೊದಲು ನೀನು ನನ್ನ ಹತ್ತಿರ ಬಂದೆ.
“ಇವತ್ತು ಬಂದ್ ಮಾಡಬ್ಯಾಡಲೇ. ಎದಿ ಯಾಕೋ ಬಿಗಿ ಹಿಡದೈತಿ.”
“ಮಧ್ಯಾಹ್ನ ಮಿರ್ಚಿ ಬಜ್ಜಿ ಎಷ್ಟು ತಿಂದಿ?” ಅಂತ ನಾನು ಕೇಳಿದೆ.
“ನಿನ್ನಷ್ಟೇನಲ್ಲ ಬಿಡಲೇ” ಅಂತ ನೀನು ನಕ್ಕೆ.
ನೀನು ನಕ್ಕಿದ್ದರಿಂದ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ...

ಕೊನೆಯ ಹಾಡಿಗೆ ಜನ ಕೂಗಿದರು.
ನೀನು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದೆ. ಬೇಡ ಅಂತ.
ಲೈಟ್ ಕಣ್ಣಿಗೆ ಹೊಡೆಯುತ್ತಿತ್ತು, ಕಾಣಲಿಲ್ಲ ಎಂದು ಬರೆದರೆ ಯಾರೂ ತಕರಾರು ಮಾಡುವುದಿಲ್ಲ.
ಕಂಡಿತು ಗಾದಿ.
ಎಳೆದೆ.

ನೀನು ಹಾಡಿದೆ.
ಇಳಿದು ಬಂದು ನನ್ನ ಬೆನ್ನಿಗೆ ಗುದ್ದಿದೆ. “ನಿನ್ನ ಕೈಗಿಷ್ಟು ಬೆಂಕಿ ಹಚ್ಚ! ಹಿಂದಿನ ಸಾಲಿಗೆ ಕೇಳಿಸ್ತೇನು?”
“ಕೇಳಿಸ್ತು” ಅಂತ ನಾನು ಹೇಳಿದೆ.
ಎದೆ ಹೇಗಿದೆ ಎಂದು ಕೇಳಲಿಲ್ಲ...

ಇವತ್ತು ನಿನ್ನ ಮನೆಗೆ ಹೋದೆ.
“ಎದಿ ನೋವಂತ ಯಾರ ಮುಂದನೂ ಅಂದಿಲ್ಲ ನೋಡ್ರಿ ಅಣ್ಣಾ” ಅಂತ ನಿನ್ನ ಹೆಂಡತಿ ಅತ್ತಳು.
ನನ್ನ ಮುಂದೆ ಅಂದಿದ್ದೆಯಲ್ಲ...
ಅವಳು ಅದನ್ನು ಈ ಪೋಸ್ಟ್‌ನಲ್ಲಿ ಓದಿ ತಿಳಿಯಬಾರದು. ಅದಕ್ಕೆ ಅಲ್ಲಿಯೇ ಎಲ್ಲವನ್ನೂ ಹೇಳಿದೆ.
ಅವಳು ಮುಖ ಆ ಕಡೆ ತಿರುಗಿಸಿದಳು.
ಆಮೇಲೆ, ಪಕ್ಕದ ಮನೆಯವರು ತಂದಿಟ್ಟ ಚಹಾದ ಲೋಟ ನನ್ನ ಕಡೆ ಸರಿಸಿದಳು. “ಕುಡೀರಿ. ಬಿಸಿಲಾಗ ಬಂದೀರಿ.”
ಬೈದಿದ್ದರೆ ಕುಡಿಯುತ್ತಿದ್ದೆನೇನೋ...

ಗೆಳೆಯರೇ, ಆ ಹಾಡಿಗೂ ಈ ಸಾವಿಗೂ ಸಂಬಂಧ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.
ಇಲ್ಲ ಎಂದು ಕಾಮೆಂಟ್‌ನಲ್ಲಿ ಸಮಾಧಾನ ಹೇಳಬೇಡಿ.
ಅವನು ಬೇಡ ಅಂದಿದ್ದ. ನಾನು ಎಳೆದೆ. ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು, ಮಿರ್ಚಿಯ ಜೋಕ್ ಮಾಡಿದೆ.
ನಿಮ್ಮವರು ಯಾರಾದರೂ ಎದೆ ಬಿಗಿ ಅಂದರೆ, ಅವರು ನಗುತ್ತಿದ್ದರೂ ಬಿಡಬೇಡಿ.

ಇನ್ನೊಂದು ಮಾತು.
ಬೆಳಿಗ್ಗೆಯಿಂದ ಎಲ್ಲರೂ ಕುರುಗೋಡಿನ ವಿಡಿಯೋ ಶೇರ್ ಮಾಡುತ್ತಿದ್ದೀರಿ. “ಮೈಕ್ ಇಲ್ಲದೆ ಹಾಡಿದ ಗಾದಿ” ಅಂತ.
ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ.
ಫೇಡರ್ ಇಳಿದ ಮೇಲೆ ಅದರಲ್ಲಿ ಅವನ ದನಿಯೇ ಇಲ್ಲ.
ಮೊಬೈಲಿಗೆ ಸಿಕ್ಕಿರುವುದು ನಮ್ಮ ಸಿಳ್ಳೆ, ನಮ್ಮ ಚಪ್ಪಾಳೆ, ನಮ್ಮ ಕೂಗು...
ನಡುವೆ ಅವನ ಬಾಯಿ ಮಾತ್ರ ತೆರೆದು ಮುಚ್ಚುತ್ತದೆ.
ಬರೇ ತುಟಿ ಅಲ್ಲಾಡಿಸಿದ ಹಾಗೆ.

ದಯವಿಟ್ಟು ಅದನ್ನು ತೆಗೆಯಿರಿ. ಮೈಕ್ ಇದ್ದಾಗ ಹಾಡಿದ್ದು ಯಾವುದಿದ್ದರೂ ಹಾಕಿ.

ಹೋಗಿ ಬಾ ಗಾದಿ...
ಇನ್ನು ನೀನು ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ.
ನಿನ್ನ ಎದೆ ಹಗುರಾಗಲಿ. ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.