ಜಾಹೀರಾತಿನ ದೋಣಿ

ಮನುಷ್ಯನ ನಾಗರಿಕತೆ ಪರಸ್ಪರ ನಂಬಿಕೆಯ ಮೇಲೆ ನಿಂತಿದೆ. ಕೋಟೇಶ್ವರದಲ್ಲಿ ಅದು ಕೆಲವು ಕಾಲ ಎರಡು ಕಬ್ಬಿಣದ ಕಂಬಗಳ ಮೇಲೆ ನಿಂತಿತ್ತು. ಮೊಬೈಲು ಆಗಷ್ಟೇ ನಮ್ಮಂಥವರ ಕಿಸೆಗೂ ಇಳಿಯುತ್ತಿದ್ದ ವರ್ಷಗಳು. ಹೆದ್ದಾರಿ ಬದಿಯ ದೊಡ್ಡ ಬೋರ್ಡಿನಲ್ಲಿ ಮೀನುಗಾರನೊಬ್ಬ ದೋಣಿಯಲ್ಲಿ ನಿಂತು, ಫೋನನ್ನು ಕಿವಿಗೊತ್ತಿ, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಗುತ್ತಿದ್ದ. ಕೆಳಗೆ ‘ಕಡಲ ಮಕ್ಕಳ ಜೊತೆ, ಎಲ್ಲೆಲ್ಲೂ’ ಎಂದು ಬರೆದಿತ್ತು.

ಹತ್ತಿರದ ಕಡಲತಡಿಯ ಬೀಜಾಡಿಯಲ್ಲಿ ನಮ್ಮ ಪಕ್ಕದ ಮನೆಯವರು ಆ ಬೋರ್ಡನ್ನು ನಂಬಿದರು. ಗಂಡ ನಾಡದೋಣಿಯಲ್ಲಿ ಮೀನಿಗೆ ಹೋಗುವವರು. ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು, ಗಂಡನ ಪಾಲಿನ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುವವರು. ಕೋಟೇಶ್ವರದ ಒಂದಷ್ಟು ಮನೆ, ಕುಂದಾಪುರದ ಒಂದು ಊಟದ ಹೋಟೆಲು, ಇವು ಅವರು ತಪ್ಪದೆ ಮೀನು ಕೊಡುವ ವರ್ತನೆ. ಅಲ್ಲೆಲ್ಲ ಮಸಾಲೆ ಅರೆದಿಟ್ಟು ಅಕ್ಕನ ಕೂಗಿಗೆ ಕಾಯುತ್ತಿದ್ದರು. ಅರೆದಿಟ್ಟ ಮಸಾಲೆಗೆ ಮೀನು ಸಿಗದ ದಿನ ಒಂದು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಫೋನಿಗೆ ಮುಂಚೆ ಒಂದು ಏರ್ಪಾಡಿತ್ತು. ಮೀನು ಕಡಿಮೆಯಾದರೆ ದೋಣಿ ನಮ್ಮ ದಡಕ್ಕೇ ಬರುತ್ತಿತ್ತು. ಹೆಚ್ಚು ಬಿದ್ದರೆ ಏಲಕ್ಕೆಂದು ಗಂಗೊಳ್ಳಿ ಬಂದರಿಗೆ ಹೋಗಬೇಕು. ಆಗ ಬೀಜಾಡಿಯ ಎದುರು ಒಂದು ಸುತ್ತು ಬಂದು, ತಲೆಗೆ ಸುತ್ತಿದ ಕೆಂಪು ಬೈರಾಸ ಬಿಚ್ಚಿ ಬಿದಿರು ಗಳಕ್ಕೆ ಕಟ್ಟಿ ಎತ್ತಿ ತೋರಿಸುತ್ತಿದ್ದರು. ದಡದಲ್ಲಿದ್ದ ಅಕ್ಕ ಅದನ್ನು ಕಂಡದ್ದೇ ಬಸ್ಸು ಹಿಡಿದು, ಹೊಳೆ ದಾಟಿ, ಗಂಡನ ಪಾಲನ್ನು ಬುಟ್ಟಿಗೆ ತುಂಬಿಕೊಳ್ಳಲು ಏಲಕ್ಕೆ ಮುಂಚೆ ಬಂದರಿನಲ್ಲಿರುತ್ತಿದ್ದರು. ಬೈರಾಸಕ್ಕೆ ಸಿಗ್ನಲ್ ಸಿಗುತ್ತಿಲ್ಲವೆಂಬ ದೂರು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಗಂಡ ಮೊಬೈಲು ಕೊಂಡಮೇಲೆ ಆ ಸುತ್ತು ದೋಣಿಯ ಎಂಜಿನ್ನಿನ ಸೀಮೆಎಣ್ಣೆಗೆ ದಂಡ ಅನ್ನಿಸಿತು. ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ನಾನು ಶಾಲೆಯ ಮಾಸ್ತರ.

“ಇನ್ನ್ ಎಂತಕ್ಕೆ ಬೈರಾಸ ಎತ್ತೂದ್, ಮಾಷ್ಟ್ರೆ? ಕಡಲಿಂದ್ಲೇ ನಿಮ್ಮನಿಗೆ ಫೋನ್ ಮಾಡ್ತೆ. ಇವ್ಳಿಗೆ ಒಂದ್ ಕೂಗ್ ಹಾಕಿ, ಸಾಕ್,” ಎಂದರು ಗಂಡ.

ಅಕ್ಕ ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ನಮ್ಮ ಜಗಲಿಯಲ್ಲಿ ಕೂರತೊಡಗಿದರು. ಫೋನು ದೇವರ ಮೂರ್ತಿಯಷ್ಟೇ ಗಂಭೀರವಾಗಿ ಸುಮ್ಮನಿರುತ್ತಿತ್ತು. ಅಪರೂಪಕ್ಕೆ ಹೊಡೆದುಕೊಂಡರೆ ಆ ಕಡೆ ನನ್ನ ಅತ್ತೆ.

“ಎಂತ ಮಾಷ್ಟ್ರೆ, ನಿಮ್ಮ್ ಫೋನಿಗೆ ಗಂಟ್ಲ್ ಕಟ್ಟಿತಾ?” ಎಂದು ಅಕ್ಕ ಕೇಳುವರು.

ಕಡೆಗೊಮ್ಮೆ ಗಂಡನ ಫೋನು ಬಂತು, ಅಕ್ಕನೇ ಎತ್ತಿಕೊಂಡರು. “ಹ್ವಾಯ್, ಸಿಗ್ನಲ್ ಬಂತ್ ಕಾಣ್!”

“ಎಲ್ಲಿದ್ರಿ?”

“ಗಂಗೊಳ್ಳಿ ಬಂದರಗೆ.”

“ಮೀನ್?”

“ಏಲ ಆಯ್ತ್.”

ಟವರ್ ಎಬ್ಬಿಸುತ್ತಿದ್ದಾರೆ, ಇವತ್ತಲ್ಲ ನಾಳೆ ಕಡಲಲ್ಲೂ ಸಿಗುತ್ತದೆ ಎಂದು ಸಿಮ್ ಮಾರಿದ ಅಂಗಡಿಯವ ಭರವಸೆ ಕೊಡುತ್ತಿದ್ದ. ಇವರು ಕಾದರು. ಮಸಾಲೆ ಕಾಯಲಿಲ್ಲ. ಮೋಪೆಡ್ಡಿಗೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಒತ್ತುತ್ತ ಬರುವ ಮೀನಿನವನೊಬ್ಬ ಅಕ್ಕನ ಬೀದಿಗಳಿಗೆ ಇಳಿದ. ಮೊದಲು ಹೋಟೆಲು ಹೋಯಿತು, ಆಮೇಲೆ ಒಂದೊಂದೇ ಮನೆ.

ಉಡುಪಿಯ ಗ್ರಾಹಕರ ವೇದಿಕೆಗೆ ದೂರು ಬರೆದುಕೊಟ್ಟವನು ನಾನು. ‘ಸಾರ್ವಜನಿಕರ ವಿಶ್ವಾಸಕ್ಕೆ ಬಗೆದ ದ್ರೋಹ’ ಎಂದೆಲ್ಲ ಬರೆದು, ನನ್ನ ಕನ್ನಡಕ್ಕೆ ನಾನೇ ತಲೆದೂಗಿದೆ. ಕಂಪನಿಯ ಉತ್ತರದಲ್ಲಿ ಅಲಂಕಾರವಿರಲಿಲ್ಲ: ಚಿತ್ರದ ದೋಣಿ ದಡಕ್ಕೆ ಕಟ್ಟಿರುವಂಥದ್ದು, ಬಲಮೂಲೆಯಲ್ಲಿ ಹಗ್ಗ ಕಾಣುತ್ತದೆ, ನಡುಗಡಲಿನಲ್ಲಿ ನೆಟ್‌ವರ್ಕ್ ಸಿಗುವುದೆಂದು ತಾವು ಎಲ್ಲೂ ಹೇಳಿಲ್ಲ.

ಮೂವರೂ ಹೋಗಿ ಬೋರ್ಡಿನ ಕೆಳಗೆ ನಿಂತೆವು. ಹಗ್ಗ ಇತ್ತು. ಸಾಕಷ್ಟು ದಪ್ಪದ್ದೇ.

“ಹುಟ್ಟಿದಾಗಿಂದ ದೋಣಿಯಗೇ ಇದ್ರಿ,” ಎಂದರು ಅಕ್ಕ ಗಂಡನಿಗೆ. “ಕಟ್ಟಿದ್ ದೋಣಿ ಯಾವ್ದ್, ಬಿಟ್ಟದ್ ಯಾವ್ದ್ ಗೊತ್ತಾಯ್ಲಿಲ್ಯಾ?”

“ನೀ ಕಂಡಿದ್ಯಾ?”

“ನಾನೂ ಅವ್ನ್ ಹಲ್ಲೇ ಕಂಡದ್ದ್. ಹಗ್ಗ ಯಾರ್ ಕಾಂತ್ರ್?”

ನಗಬೇಕಾದ ಮಾತು, ಮೂವರಲ್ಲಿ ಯಾರೂ ನಗಲಿಲ್ಲ. ಬೋರ್ಡಿನವನು ಮಾತ್ರ ಮೊದಲಿನ ಹಾಗೆಯೇ ನಗುತ್ತಿದ್ದ.

ಮರುದಿನದಿಂದ ಬೈರಾಸ ಮತ್ತೆ ಗಳಕ್ಕೇರಿತು. ಅಕ್ಕ ಮೊದಲಿನಂತೆಯೇ ಓಡಿದರು, ಒಳ್ಳೆಯ ಬಂಗುಡೆಯನ್ನೇ ತಂದರು. ಹಳೆಯ ಮನೆಗಳ ಗೇಟಿನಲ್ಲಿ ನಿಂತು ಕೂಗಿದರೆ ಒಳಗಿಂದ, “ಇವತ್ತ್ ತಕಂಡಾಯ್ತಲೆ ಅಕ್ಕ, ನಾಳೆ ಕಾಂಬ,” ಎಂಬ ಉತ್ತರ. ಅಕ್ಕರೆಯಿಂದಲೇ ಹೇಳುತ್ತಿದ್ದರು, ಬೈದಿದ್ದರೆ ಅಕ್ಕ ಎರಡು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದರೇನೋ. ಸಂಜೆ ನಮ್ಮ ಜಗಲಿಗೆ ಬಂದು, ಉಳಿದ ಮೀನಿನ ಮೇಲೆ ಒದ್ದೆ ಗೋಣಿ ಹೊದೆಸಿ, ಫೋನಿನ ಕಡೆ ಬೆನ್ನು ಹಾಕಿ ಕೂರುತ್ತಿದ್ದರು. ಅವರು ಹಾಗೆ ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಉಡುಪಿಯಲ್ಲಿ ವಾಯಿದೆಗಳು ಮುಂದಕ್ಕೆ ಹೋದವು. ಅಷ್ಟರಲ್ಲಿ ಕಂಪನಿ ಬೋರ್ಡು ಇಳಿಸಿತು. ಆ ಕಂಬಗಳ ಮೇಲೆ ಸಿಮೆಂಟಿನ ಜಾಹೀರಾತು ಬಂತು. ವೇದಿಕೆ ನಮ್ಮ ದೂರನ್ನು ವಜಾ ಮಾಡಿತು. ಅಕ್ಕ ಮೀನು ಮಾರುವುದನ್ನು ನಿಲ್ಲಿಸಿ ಗೇರುಬೀಜದ ಕಾರ್ಖಾನೆಗೆ ಸೇರಿದರು.