ನ್ಗಾರಾದಿಂದ ನೋರಾ ಅವರನ್ನು ಕರೆತಂದದ್ದು

ಲೊರೆಶೋ ಬಡಾವಣೆಯಿಂದ ಹೊರಟಾಗ ತುಂತುರು ಆಗಷ್ಟೇ ನಿಂತಿತ್ತು. ನೈರೋಬಿಗೆ ನಾನು ಬಂದದ್ದು ಚಿಕ್ಕಪ್ಪನ ಮಗಳು ಸುಮಿತ್ರಾಳ ಮನೆಗೆ, ಊರು ನೋಡಲು. ಆದರೆ ಆ ದಿನ ನಾವು ಮಟಾಟು ವ್ಯಾನ್ ಹತ್ತಿದ್ದು ಪಕ್ಕದ ಮನೆಯ ನೋರಾ ಅವರನ್ನು ಹುಡುಕಲು. ಎಂಬತ್ತು ದಾಟಿದ ಐರಿಷ್ ಹೆಂಗಸು; ಇಲ್ಲಿಯೇ ಪಾಠ ಹೇಳಿ ನಿವೃತ್ತರಾದವರು. ಮರುದಿನ ಅವರ ಅಣ್ಣನ ಮಗ ಅವರನ್ನು ಐರ್ಲೆಂಡಿನ ವೃದ್ಧಾಶ್ರಮಕ್ಕೆ ಕರೆದೊಯ್ಯುವವನಿದ್ದ. ಬೆಳಿಗ್ಗೆ ಅವರ ಮನೆಯ ಬಾಗಿಲು ತೆರೆದಿತ್ತು, ಅವರಿರಲಿಲ್ಲ.

ಹಿಂದಿನ ಸಂಜೆ ಚಹಾ ಕುಡಿಯುತ್ತ ಅವರು ತಮ್ಮ ಅಜ್ಜಿಯ ಹಳ್ಳಿಗೆ ಬರುತ್ತಿದ್ದ ಅಲೆಮಾರಿ ಭಿಕ್ಷುಕರ ವಿಷಯ ಹೇಳಿದ್ದರು. ಬಂದವರಿಗೆ ಒಲೆಯ ಬಳಿ ಕುರ್ಚಿ ಎಳೆದು ಕೊಡುತ್ತಿದ್ದರಂತೆ. ಭಿಕ್ಷುಕರು ಊರೂರಿನ ಸುದ್ದಿ ಹೇಳಿ, ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸಿ, ಹುಲ್ಲು ಹಾಸಿಕೊಂಡು ಮಲಗುತ್ತಿದ್ದರು. ಯಾವಾಗ ಹೋಗುತ್ತೀರಿ ಎಂದು ಯಾರೂ ಕೇಳುತ್ತಿರಲಿಲ್ಲ. "ಬಾಗಿಲಲ್ಲೇ ಚೀಲಕ್ಕೆ ಆಲೂಗಡ್ಡೆ ಹಾಕಿದರೆ ಮಾತ್ರ, ಮುಂದಿನ ಮನೆಗೆ ಹೋಗು ಎಂದರ್ಥ," ಎಂದಿದ್ದರು. ಸುಮಿತ್ರಾ ಆಗ ಫೋನಿನಲ್ಲಿದ್ದಳು.

ನ್ಗಾರಾ ಪೇಟೆಯಲ್ಲಿ ಅವರು ಉಲ್ಲನ್ ಕೊಳ್ಳುತ್ತಿದ್ದ ಅಂಗಡಿಯಲ್ಲೇ ಸಿಕ್ಕರು. ತೊಡೆಯ ಮೇಲೆ ಖಾಲಿ ಬಟ್ಟೆಚೀಲ, ಕೈಯಲ್ಲಿ ಚಹಾ.

"ಬೆಳಿಗ್ಗೆಯಿಂದ ನಮ್ಮಪ್ಪನ ಆತ್ಮಕ್ಕೆ ಪ್ರಾರ್ಥನೆ ಮಾಡ್ತಿದ್ದಾರೆ," ಎಂದು ಗುಜರಾತಿ ಮಾಲೀಕ ಹಿಂದಿಯಲ್ಲಿ ಪಿಸುಗುಟ್ಟಿದ. "ಅಪ್ಪ ಮಹಡಿ ಮೇಲೆ ಮಲಗಿದ್ದಾರೆ, ಗಟ್ಟಿಯಾಗೇ ಇದ್ದಾರೆ. ಹೇಗೆ ಹೇಳೋದು?"

ವಾಪಸು ಬರುವಾಗ ಸುಮಿತ್ರಾ ನನ್ನತ್ತ ಬಾಗಿದಳು. "ಅಣ್ಣ, ಇವ್ರಿಗೆ ನಿಜವಾಗ್ಲೂ ಮರೆವಾ, ಇಲ್ಲಾ ಆಕ್ಟಿಂಗಾ?"

ನನಗದು ಈಗಲೂ ಗೊತ್ತಿಲ್ಲ.

ಲೊರೆಶೋದಲ್ಲಿ ನೋರಾ ತಮ್ಮ ಗೇಟನ್ನು ದಾಟಿ ಸುಮಿತ್ರಾಳ ಬಾಗಿಲ ಮುಂದೆ ನಿಂತರು. "ಈ ಮನೆಯವರನ್ನೆಲ್ಲ ದೇವರು ಕಾಯಲಿ," ಎಂದು ಚೀಲ ಒಡ್ಡಿದರು.

"ಅಯ್ಯೋ, ಆಟಾನೇ ಆದ್ರೂ ಬರಿಗೈಲಿ ಕಳಿಸ್ಬಾರ್ದು," ಎಂದು ಸುಮಿತ್ರಾ ಒಳಗೆ ಓಡಿ, ತಟ್ಟೆಯ ತುಂಬ ಅಕ್ಕಿ ತಂದು, ಹೊಸ್ತಿಲೊಳಗೆ ನಿಂತು ಭಕ್ತಿಯಿಂದ ಚೀಲಕ್ಕೆ ಸುರಿದಳು. ನಮ್ಮ ಕಡೆ ಕೊಡುವುದೇ ಹಾಗೆ.

ನೋರಾ ಅಕ್ಕಿಯನ್ನೇ ನೋಡಿದರು. ಚೀಲದ ಬಾಯಿ ಕಟ್ಟಿ, ತಲೆ ಬಾಗಿಸಿ, ರಸ್ತೆಯ ಕಡೆ ತಿರುಗಿ ನಡೆಯತೊಡಗಿದರು.

"ಆಂಟಿ! ಏನಾಯ್ತು ಇವ್ರಿಗೆ?" ಸುಮಿತ್ರಾ ನನ್ನತ್ತ ತಿರುಗಿದಳು.

ಹಿಂದಿನ ಸಂಜೆ ನೋರಾ ಹೇಳಿದ್ದನ್ನೆಲ್ಲ, ಆಲೂಗಡ್ಡೆಯ ಮಾತನ್ನೂ ಹೇಳಿದೆ. ಸುಮಿತ್ರಾ "ಹೋಗಿ ಅಂದ್ಬಿಟ್ನಾ ನಾನು?" ಎಂದವಳೇ ಬರಿಗಾಲಲ್ಲಿ ಓಡಿ ಅವರ ತೋಳು ಹಿಡಿದು ಒಳಗೆ ಕರೆತಂದಳು. ಅಡುಗೆಮನೆಗೆ ಕುರ್ಚಿ ಎಳೆದು, ಪಾತ್ರೆಯಿಡದೆ ಗ್ಯಾಸ್ ಹಚ್ಚಿದಳು. ನೋರಾ ಕುಳಿತು ಕೈ ಕಾಯಿಸಿಕೊಂಡರು.

ಮರುದಿನ ನಾನು ಊರಿಗೆ ಹೊರಟಾಗ ನೋರಾ ಅವರ ಅಣ್ಣನ ಮಗ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿದ್ದ. "ಅತ್ತೆ ಯಾವಾಗ ಹೊರಡುತ್ತಾರೆ?" ಎಂದು ಕೇಳಿದ.

"ಅದನ್ನ ಇಲ್ಲಿ ಕೇಳೋ ಹಾಗಿಲ್ಲ," ಎಂದಳು ಸುಮಿತ್ರಾ.

ಅವಳು ಮಾಡಿದ್ದು ಸರಿಯೋ ತಪ್ಪೋ, ತಿಳಿಯಲಿಲ್ಲ. ಕಾರಿನಿಂದ ತಿರುಗಿ ನೋಡಿದಾಗ ಅಡುಗೆಮನೆಯ ಕಿಟಕಿಯಲ್ಲಿ ಆ ಬಿಳಿ ತಲೆ ಒಲೆಯ ಕಡೆ ಬಾಗಿತ್ತು.